ಪ್ರಫುಲ್ಲಾಗೆ ನೀವೇನಾಗಬೇಕು

ಬಲಗೈ ಮಾತ್ರ ಅಂಗಿಯ ತೋಳಿಗೆ ಇಳಿಯಲೊಲ್ಲದು. ನೀಲಾಂಬಿಕಾ ತನ್ನ ಕೈಯನ್ನೇ ಮೊದಲು ಆ ನೀಲಿ ತೋಳಿನೊಳಗೆ ತೂರಿಸಿ, ಒಳಗಿನಿಂದ ಪ್ರಫುಲ್ಲಾಳ ತಣ್ಣನೆಯ ಬೆರಳುಗಳನ್ನು ಹಿಡಿದು, ಶಾಲೆಗೆ ಹೊರಟ ಮಗುವಿಗೆ ಸ್ವೆಟರ್ ತೊಡಿಸುವ ಹಾಗೆ ಮೆಲ್ಲಗೆ ಎಳೆದಳು. ಆಚೆ ಬದಿಯಿಂದ ಜಿಲ್ ಭುಜವನ್ನು ಎತ್ತಿ ಹಿಡಿದಳು. ಅಂಗಿ ಏರಿತು.

“ಆಯ್ತು,” ಎಂದಳು ಜಿಲ್ ಇಂಗ್ಲಿಷಿನಲ್ಲಿ. ವಿಕ್ಟೋರಿಯಾ ರಾಜ್ಯದ ವೆರಿಬಿಯ ಆ ಫ್ಯೂನರಲ್ ಹೋಮಿನಲ್ಲಿ ಇಪ್ಪತ್ತು ವರ್ಷದಿಂದ ಸತ್ತವರಿಗೆ ಬಟ್ಟೆ ತೊಡಿಸುತ್ತ ಬಂದ ಬಿಳಿ ಹೆಂಗಸು. “ಗುಂಡಿ ನೀವೇ ಹಾಕಿ. ಬಸ್ ಡ್ರೈವರ್ ಆಗಿದ್ರಾ?”

“ಹನ್ನೊಂದು ವರ್ಷ. ಪಾಯಿಂಟ್ ಕುಕ್ಕಿನಿಂದ ವೆರಿಬಿ ಸ್ಟೇಶನ್ನಿಗೆ.”

“ಹಾಗಾದ್ರೆ ನಾನೂ ಒಂದಲ್ಲ ಒಂದು ದಿನ ಇವರ ಬಸ್ಸಲ್ಲಿ ಕೂತಿರ್ತೀನಿ,” ಎಂದು ಜಿಲ್ ಕಾಲರಿನ ಸುಕ್ಕನ್ನು ಅಂಗೈಯಿಂದ ಒತ್ತಿ ಸರಿಮಾಡಿದಳು.

ಪ್ರಫುಲ್ಲಾ ಹತ್ತು ತಿಂಗಳಲ್ಲಿ ಅರ್ಧಕ್ಕರ್ಧ ಇಳಿದಿದ್ದಳು. ಅಂಗಿ ಇಬ್ಬರಿಗೆ ಆಗುವಷ್ಟು ದೊಡ್ಡದಾಗಿತ್ತು. ನೀಲಾಂಬಿಕಾ ಬೆನ್ನಿನ ಕಡೆ ಬಟ್ಟೆಯನ್ನು ಮಡಚಿ ಒಳಗೆ ಸಿಕ್ಕಿಸಿ ಗುಂಡಿ ಹಾಕುತ್ತಿದ್ದಾಗ ಹೊರಗೆ ಟ್ಯಾಕ್ಸಿಯ ಬಾಗಿಲು ಬಡಿದ ಸದ್ದಾಯಿತು. ಸಿಡ್ನಿಯಿಂದ ಮೊದಲ ವಿಮಾನಕ್ಕೆ ಹೊರಟವರು ಬಂದಿದ್ದರು.

ಮುಂದೆ ಸೇಸಪ್ಪ. ಪ್ರಫುಲ್ಲಾಳ ಅಣ್ಣ, ಅವಳಿಗಿಂತ ಏಳು ವರ್ಷ ದೊಡ್ಡವನು. ಚಾಟ್ಸ್‌ವುಡ್‌ನ ಆಫೀಸೊಂದರಲ್ಲಿ ಮ್ಯಾನೇಜರು. ಹಿಂದೆ ಅವನ ಹೆಂಡತಿ ಜಯಾ, ಎದೆಗೆ ಒಂದು ಜವಳಿ ಅಂಗಡಿಯ ಚೀಲ ಅವುಚಿಕೊಂಡು. ಕೊನೆಯಲ್ಲಿ ಮಗಳು ಶ್ರದ್ಧಾ, ಯೂನಿವರ್ಸಿಟಿಯ ಎರಡನೇ ವರ್ಷದ ಹುಡುಗಿ. ಅವಳ ಕಣ್ಣು ಆಗಲೇ ಊದಿತ್ತು.

ಸೇಸಪ್ಪ ತಂಗಿಯ ಮುಖ ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಅಂಗಿ ನೋಡಿದ.

“ಇದೆಂತ ಇದು? ಡ್ರೈವರ್ ಅಂಗಿ?” ಧ್ವನಿ ಏರಿರಲಿಲ್ಲ. “ಮನೆಯ ಹೆಣ್ಣುಮಗಳನ್ನು ಹೀಗೆ ಕಳಿಸುದಾ?”

“ಆಕಿನ ಹೇಳಿದ್ಲು,” ಎಂದಳು ನೀಲಾಂಬಿಕಾ. “ನೀಲಿ ಬಣ್ಣ ನಂಗೆ ಲಾಯ್ಕ ಆಗ್ತದೆ, ಇದನ್ನೇ ಹಾಕು ಅಂದಿದ್ಲು.”

“ಸೀರೆ ತಂದಿದ್ದೇವೆ,” ಎಂದಳು ಜಯಾ ಮೆಲ್ಲಗೆ. “ಊರಿಂದ ಅಮ್ಮ ಫೋನಲ್ಲಿ ಹೇಳಿದ್ರು, ಪಟ್ಟೆ ಸೀರೆ ಉಡಿಸಿ ಅಂತ.”

ಅಷ್ಟರಲ್ಲಿ ಫ್ಯೂನರಲ್ ಹೋಮಿನ ಡೈರೆಕ್ಟರು ಫೈಲು ಹಿಡಿದು ಒಳಗೆ ಬಂದ. ಸೇಸಪ್ಪ ಅವನತ್ತ ತಿರುಗಿ, ಆಫೀಸಿನ ಇಂಗ್ಲಿಷಿನಲ್ಲಿ, ತಾನು ಇವಳ ಒಡಹುಟ್ಟಿದ ಅಣ್ಣ, ಈ ದೇಶದಲ್ಲಿ ಇವಳಿಗಿರುವ ಒಂದೇ ರಕ್ತಸಂಬಂಧ, ಸೀರೆ ಉಡಿಸಬೇಕು, ಬೂದಿಯನ್ನು ತಾನು ಸಿಡ್ನಿಗೆ ಒಯ್ಯುತ್ತೇನೆ ಎಂದು ಒಂದೊಂದಾಗಿ ಹೇಳಿದ. ಡೈರೆಕ್ಟರು ಪೂರ್ತಿ ಕೇಳಿಸಿಕೊಂಡ. ಆಮೇಲೆ ಫೈಲು ತೆರೆದ.

“ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ ಸರ್. ಆದರೆ ಪ್ರಫುಲ್ಲಾ ಅವರ ರಿಜಿಸ್ಟರ್ಡ್ ಪಾರ್ಟ್‌ನರ್ ಇವರು. ಇವರು ಹೇಳಿದಂತೆ ನಾವು ಮಾಡಬೇಕಾಗುತ್ತದೆ.”

ಸೇಸಪ್ಪ ನೀಲಾಂಬಿಕಾಳ ಕಡೆ ತಿರುಗಿದ. ಹದಿಮೂರು ವರ್ಷಗಳಲ್ಲಿ ಅವನು ಅವಳ ಮುಖವನ್ನು ಅಷ್ಟು ನೇರವಾಗಿ ನೋಡಿದ್ದು ಅದೇ ಮೊದಲು.

“ಪಾರ್ಟ್‌ನರ್ ಅಂದ್ರೆ? ನೀವು ಮದುವೆ ಆಗಿದ್ರಾ?”

“ಇಲ್ಲ.”

“ಮತ್ತೆ?”

“ರಿಜಿಸ್ಟರ್ ಮಾಡ್ಸಿದ್ವಿ. ಹೋದ ಡಿಸೆಂಬರ್‌ನಾಗ.”

“ಅಂದ್ರೆ ಮದುವೆ ಅಲ್ಲ.”

“ಅಲ್ಲ.”

ರಿಜಿಸ್ಟರ್ ಅಂದರೆ ಮದುವೆ ಅಲ್ಲ ಎಂಬ ಆ ‘ಅಲ್ಲ’ವನ್ನು ಅವಳು ಐದು ವರ್ಷಗಳಿಂದ ಹೇಳುತ್ತ ಬಂದಿದ್ದಳು. ಸ್ಟಾಫ್ ರೂಮಿನಲ್ಲಿ, ಗೆಳೆಯರ ಮನೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಅಡುಗೆಮನೆಯಲ್ಲಿ ಪ್ರಫುಲ್ಲಾಳ ಎದುರಿಗೇ. ಆಗೆಲ್ಲ ಅದು ಸೊಕ್ಕಿನ ಮಾತಾಗಿತ್ತು. ಇಂದು ಗಂಟಲಿನಿಂದ ಹೊರಗೆ ಬರುವಾಗ ಅದಕ್ಕೆ ಮುಳ್ಳು ಮೂಡಿತ್ತು.

*

ಜಗಳ ಶುರುವಾದದ್ದು ಎರಡು ಸಾವಿರದ ನಾಲ್ಕರ ಆಗಸ್ಟಿನಲ್ಲಿ. ಮದುವೆಯೆಂದರೆ ಒಂದು ಗಂಡು ಒಂದು ಹೆಣ್ಣಿನದು ಎಂದು ಕ್ಯಾನ್‌ಬೆರಾದ ಸಂಸತ್ತು ಕಾನೂನಿಗೆ ಒಂದು ಸಾಲು ಸೇರಿಸಿತ್ತು. ಟಿವಿಯಲ್ಲಿ ಸುದ್ದಿ ಮುಗಿದ ಮೇಲೂ ನೀಲಾಂಬಿಕಾ ಎದ್ದಿರಲಿಲ್ಲ.

ಅವಳು ಬಾಗಲಕೋಟೆಯ ಕಡೆಯವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಉತ್ತರ ಸರಿ ಇರಬೇಕು, ಇಲ್ಲವೇ ತಪ್ಪಿರಬೇಕು. ಅರ್ಧ ಮಾರ್ಕು ಕೊಡುವುದು ಅವಳ ಜಾಯಮಾನವಲ್ಲ. ಪ್ರಫುಲ್ಲಾ ಕಾಪುವಿನವಳು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಬಂದು, ಓದು ಹತ್ತದೆ, ಪಾತ್ರೆ ತೊಳೆದು, ಬೇಕರಿಯಲ್ಲಿ ದುಡಿದು, ಕೊನೆಗೆ ಹೆವಿ ಲೈಸೆನ್ಸ್ ಮಾಡಿಸಿಕೊಂಡು ಬಸ್ಸು ಹತ್ತಿದವಳು. ಉಡುಪಿ ಸ್ಟ್ಯಾಂಡಿನ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಜೋತು ಬೆಳೆದವಳಿಗೆ ಅದು ತವರಿನ ಕೆಲಸದಂತೆ ಒಗ್ಗಿತ್ತು. ಫುಟ್‌ಸ್ಕ್ರೇಯ ಬಾಡಿಗೆ ಮನೆಯೊಂದನ್ನು ಹಂಚಿಕೊಂಡಿದ್ದಾಗ ಇಬ್ಬರ ಪರಿಚಯ. ಒಬ್ಬಳ ಜೋಳದ ರೊಟ್ಟಿಗೆ ಇನ್ನೊಬ್ಬಳ ಮೀನುಸಾರು ಹೇಗೆ ಹೊಂದಿತೋ, ಮನೆಯ ಉಳಿದವರೆಲ್ಲ ಬಿಟ್ಟುಹೋದರೂ ಇವರು ಉಳಿದರು.

“ಈಗ ಸಿಟಿ ಕೌನ್ಸಿಲಿನಲ್ಲಿ ನಮ್ಮಂಥ ಜೋಡಿಯನ್ನು ರಿಜಿಸ್ಟರ್ ಮಾಡಿಸ್ತಾರಂತೆ, ಸಿಡ್ನಿಯಲ್ಲಿ. ಇಲ್ಲಿಗೂ ಬರ್ತದೆ,” ಎಂದಿದ್ದಳು ಪ್ರಫುಲ್ಲಾ ಅಂದು.

“ಕೌನ್ಸಿಲಿನಾಗ ನಾಯಿಗೂ ರಿಜಿಸ್ಟರ್ ಮಾಡಸ್ತಾರ.”

“ಹಾಗೆ ಹೇಳ್ಬೇಡ ಮಾರಾಯ್ತಿ. ಬಸ್ಸಲ್ಲಿ ಸೀಟಿಲ್ಲ ಅಂತ ಯಾರಾದ್ರೂ ಸ್ಟಾಪಲ್ಲೇ ನಿಲ್ತಾರಾ? ಹತ್ತಿ, ಸರಳು ಹಿಡ್ಕೊಂಡು ನಿಲ್ಲುದು. ಮುಂದೆ ಯಾರಾದ್ರೂ ಇಳೀತಾರೆ, ಸೀಟು ಸಿಗ್ತದೆ.”

“ನಾವು ಸುಮ್ಮನ ನಿಂತ್ರ ಅವ್ರೇನಂತಾರ ಗೊತ್ತೈತೇನು? ಇವ್ರಿಗೆ ನಿಂತು ರೂಢಿ ಆಗೇದ, ಇನ್ನ ಸೀಟ್ಯಾಕ ಅಂತಾರ. ರೊಕ್ಕ ಪೂರ್ತಿ ಕೊಟ್ಟೀವಿ ಪ್ರಫು. ನಾ ನಿಲ್ಲೂದಿಲ್ಲ.”

“ಹಾಗಾದ್ರೆ ನಡ್ಕೊಂಡು ಬಾ,” ಎಂದು ಪ್ರಫುಲ್ಲಾ ನಕ್ಕು, ಬೆಳಗಿನ ಐದರ ಪಾಳಿಗೆ ಅಂಗಿ ಇಸ್ತ್ರಿ ಮಾಡಲು ಎದ್ದಿದ್ದಳು.

ಮರುವರ್ಷ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಸೇಸಪ್ಪನ ಹೊಸ ಮನೆಯ ಗೃಹಪ್ರವೇಶ. ಇಬ್ಬರೂ ಒಂಬತ್ತು ತಾಸು ಕಾರು ಓಡಿಸಿಕೊಂಡು ಹೋಗಿದ್ದರು. ಸೇಸಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದು ತನಗೇ ಗೊತ್ತಾಗದ ಹಾಗೆ ಇಟ್ಟುಕೊಂಡಿದ್ದ. ಪೂಜೆಗೆ ಬಂದ ಹಿರಿಯರೊಬ್ಬರು ನೀಲಾಂಬಿಕಾಳನ್ನು ನೋಡಿ, “ಇವರು ಪ್ರಫುಲ್ಲಾಗೆ ಏನಾಗಬೇಕು?” ಎಂದು ಕೇಳಿದರು. ಸೇಸಪ್ಪ ಹೂವಿನ ತಟ್ಟೆ ಕೆಳಗಿಡುತ್ತ, “ಹೌಸ್‌ಮೇಟ್” ಎಂದ. ಊಟವಾದ ಮೇಲೆ ಫ್ಯಾಮಿಲಿ ಫೋಟೋ. ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತಾಗ ಯಾರೋ ಕ್ಯಾಮೆರಾವನ್ನು ನೀಲಾಂಬಿಕಾಳ ಕೈಗೆ ಕೊಟ್ಟರು. ಅವಳು ಮೂರು ಫೋಟೋ ತೆಗೆದಳು. ಮೂರರಲ್ಲೂ ಪ್ರಫುಲ್ಲಾ ಕ್ಯಾಮೆರಾ ನೋಡದೆ ಕ್ಯಾಮೆರಾದ ಹಿಂದಿದ್ದವಳನ್ನು ನೋಡುತ್ತಿದ್ದಳು.

ವಾಪಸು ಬರುವಾಗ ಗುಂಡಗೈ ಎಂಬ ಊರು ದಾಟಿದ ಮೇಲೆ ಪ್ರಫುಲ್ಲಾ ಹೆದ್ದಾರಿಯ ಪಕ್ಕಕ್ಕೆ ಕಾರು ನಿಲ್ಲಿಸಿದಳು.

“ನಾನು ಆ ಮೆಟ್ಟಿಲಿಂದ ಇಳಿದು ಬರ್ಬೇಕಿತ್ತು.”

“ಬಿಡು. ನಿನ್ನ ಅಣ್ಣ ಆಂವ.”

“ಅಣ್ಣ ಕೆಟ್ಟವನಲ್ಲ ನೀಲಾ. ಅವನ ಹತ್ರ ಶಬ್ದ ಇಲ್ಲ. ಕೇಳಿದವರಿಗೆ ಹೇಳ್ಲಿಕ್ಕೆ ಒಂದು ಶಬ್ದ ಬೇಕಲ್ಲ ಅವನಿಗೆ. ಎಂತದೋ ಒಂದು ಕಾಗದ ಇದ್ದಿದ್ರೆ...”

“ಶಬ್ದ ಐತಿ ಪ್ರಫು. ಎಲ್ಲಾರಿಗೂ ಗೊತ್ತಿರೋ ಶಬ್ದ. ನಮಗ ಕೊಡವಲ್ಲರು ಅಷ್ಟ.”

ಇಬ್ಬರದೂ ನಿಜವಾಗಿತ್ತು. ಅದಕ್ಕೇ ಆ ಜಗಳ ಮುಗಿಯಲಿಲ್ಲ.

*

ಫೈಲು ಹಿಡಿದ ಡೈರೆಕ್ಟರು ಉತ್ತರಕ್ಕೆ ಕಾಯುತ್ತಿದ್ದ. ಸೇಸಪ್ಪ ಗೋಡೆಯ ಕಡೆ ಮುಖ ತಿರುಗಿಸಿದ್ದ. ಜಯಾ ಚೀಲವನ್ನು ಇನ್ನೂ ಎದೆಗೆ ಅವುಚಿಕೊಂಡೇ ನಿಂತಿದ್ದಳು.

ಬೇಡ ಎಂದರೆ ಮುಗಿಯಿತು. ಕಾನೂನು ಅವಳ ಕಡೆ ಇತ್ತು. ತಾನು ಹೀಗಳೆದ ಆ ಕಾಗದವೇ ಇಂದು ತನ್ನನ್ನು ಈ ಕೋಣೆಯಲ್ಲಿ ನಿಲ್ಲಿಸಿದೆ ಎಂಬುದು ನೀಲಾಂಬಿಕಾಳಿಗೆ ತಿಳಿದಿತ್ತು. ಅದಿಲ್ಲದಿದ್ದರೆ ಹೊರಗಿನ ಬೆಂಚಿನ ಮೇಲೆ ಕೂತು ಯಾರಾದರೂ ಕರೆಯಲಿ ಎಂದು ಕಾಯಬೇಕಿತ್ತು. ಹೊರಗೆ ಕೂತವರ ಪಾಡು ಏನೆಂದು ಅವಳು ಬಲ್ಲಳು. ಈಗ ಸೇಸಪ್ಪನ ಬೆನ್ನು ನೋಡಿದರೆ ಅದೇ ಕಂಡಿತು.

“ಜಯಾ ಅವರ, ಸೀರಿ ಕೊಡ್ರಿ ಇಲ್ಲೆ,” ಎಂದಳು.

ಎಲೆಹಸಿರು ಬಣ್ಣದ, ಕೆಂಪಂಚಿನ ರೇಷ್ಮೆಯ ಪಟ್ಟೆ ಸೀರೆ. ಅಂಗಿ ಹಾಗೇ ಇರಲಿ ಎಂದಳು ನೀಲಾಂಬಿಕಾ. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಪ್ರಫುಲ್ಲಾಳ ಸೊಂಟದಿಂದ ಪಾದದವರೆಗೆ ಹೊದಿಸಿದಳು. ಒಂದು ತುದಿಯನ್ನು ಜಯಾ ಹಿಡಿದಳು, ಇನ್ನೊಂದನ್ನು ಶ್ರದ್ಧಾ. ಅಂಚು ನೇರಕ್ಕೆ ಬರುವಂತೆ ಮೂವರೂ ಎರಡು ಸಲ ಸರಿಪಡಿಸಿದರು.

“ಬೂದಿ ವಿಷಯ ಆಮ್ಯಾಲೆ ಮಾತಾಡೂಣು,” ಎಂದಳು ಅವಳು ಸೇಸಪ್ಪನಿಗೆ. “ಕಾಪು ಸಮುದ್ರ ಅಂದ್ರ ಆಕಿಗೆ ಜೀವ. ಅರ್ಧ ನೀವು ಒಯ್ಯಬಹುದು.”

ಅರ್ಧ ಎಂಬ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಆಮೇಲೆ ಹೊಳೆಯಿತು.

*

ಹೋದ ನವೆಂಬರಿನಲ್ಲಿ ಪ್ರಫುಲ್ಲಾ ಡಿಪೋದಲ್ಲಿ ಬಸ್ಸಿನಿಂದ ಇಳಿಯುತ್ತ ಹೊಟ್ಟೆ ಹಿಡಿದು ಕುಸಿದಿದ್ದಳು. ಆಂಬುಲೆನ್ಸಿನವರು ಒಯ್ದ ಆಸ್ಪತ್ರೆಯಲ್ಲಿ ಕೌಂಟರಿನ ಹುಡುಗಿ ನೀಲಾಂಬಿಕಾಳನ್ನು ಕೇಳಿದಳು, “ಪೇಶೆಂಟಿಗೆ ನೀವೇನಾಗಬೇಕು?”

“ಪಾರ್ಟ್‌ನರ್.”

ಹುಡುಗಿ ಕಂಪ್ಯೂಟರು ನೋಡಿದಳು. “ಇಲ್ಲಿ ಸಿಡ್ನಿಯ ಅಣ್ಣನ ನಂಬರಿದೆ. ಡಾಕ್ಟರು ಅವರ ಹತ್ತಿರ ಮಾತಾಡ್ತಾರೆ. ನೀವು ಕೂತಿರಿ.”

ಪ್ರಫುಲ್ಲಾ ಯಾವ ಕಾಲದಲ್ಲೋ ತುಂಬಿದ್ದ ನಂಬರು ಅದು. ಸೇಸಪ್ಪ ಮೀಟಿಂಗಿನಲ್ಲಿದ್ದ. ಫೋನು ಎತ್ತಲಿಲ್ಲ. ಮೂರು ತಾಸು ನೀಲಾಂಬಿಕಾ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಒಳಗೆ ಏನಾಗುತ್ತಿದೆ ಎಂದು ತಿಳಿಯದೆ, ಎದುರಿನ ಗೋಡೆಯ ಟೈಲುಗಳನ್ನು ಅಡ್ಡ ಹದಿನಾಲ್ಕು ಉದ್ದ ಒಂಬತ್ತು ಎಂದು ಮತ್ತೆ ಮತ್ತೆ ಎಣಿಸಿದಳು. ಕೊನೆಗೆ ಒಳಗೆ ಬಿಟ್ಟಾಗ ಪ್ರಫುಲ್ಲಾ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂಬ ಶಬ್ದವನ್ನು ಒಬ್ಬಳೇ ಕೇಳಿಸಿಕೊಂಡು ಮುಗಿಸಿದ್ದಳು.

“ನೀನೆಲ್ಲಿ ಹೋಗಿದ್ದಿ?” ಎಂದು ಕೇಳಿದಳು ಅಷ್ಟೆ.

ಡಿಸೆಂಬರಿನಲ್ಲಿ, ಮದುವೆಯಾಗದ ಜೋಡಿಗಳೂ ಸಂಬಂಧ ನೋಂದಾಯಿಸಬಹುದಾದ ವಿಕ್ಟೋರಿಯಾದ ಹೊಸ ಕಾನೂನು ಜಾರಿಗೆ ಬಂತು. ಮೊದಲ ವಾರವೇ ಕಾಲಿನ್ಸ್ ಸ್ಟ್ರೀಟಿನ ರಿಜಿಸ್ಟ್ರಿ ಆಫೀಸಿಗೆ ಹೋಗೋಣ ಎಂದವಳು ನೀಲಾಂಬಿಕಾಳೇ. ಪ್ರಫುಲ್ಲಾ ಅರ್ಧ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಳು. ಪಕ್ಕದ ಸಾಲಿನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ನಗುತ್ತ ನಿಂತಿತ್ತು. ಕ್ಲರ್ಕು ಅವರಿಗೆ ಅಭಿನಂದನೆ ಹೇಳಿದ. ಇವರ ಫಾರಮ್ಮಿಗೆ ಸೀಲು ಒತ್ತಿ, “ಸರ್ಟಿಫಿಕೇಟು ಪೋಸ್ಟಿನಲ್ಲಿ ಬರುತ್ತೆ, ಕೆಲವು ವಾರ ಕಾಯಿರಿ,” ಎಂದ. ಅವನದೂ ತಪ್ಪಿರಲಿಲ್ಲ. ಏನು ಹೇಳಬೇಕೆಂದು ಅವನಿಗೂ ಯಾರೂ ಕಲಿಸಿರಲಿಲ್ಲ.

ಹೊರಗೆ ಬಂದು ಬೀದಿಯ ಗಾಡಿಯಲ್ಲಿ ಬಿಸಿ ಜ್ಯಾಮ್ ಡೋನಟ್ ಕೊಂಡು ತಿಂದರು. ಪ್ರಫುಲ್ಲಾಳಿಗೆ ಎರಡು ತುತ್ತಿಗಿಂತ ಹೆಚ್ಚು ಸೇರಲಿಲ್ಲ. ಬೆರಳ ಸಕ್ಕರೆ ನೆಕ್ಕುತ್ತ, “ಸೋತೆಯಾ?” ಎಂದು ಕೇಳಿದಳು.

“ಸೋತಿಲ್ಲ. ಪೂರ್ತಿ ಮಾರ್ಕು ಬರೂಮಟ ಕೇಳತೀನಿ.”

“ಕೇಳು. ನಾನೂ ಕೇಳ್ತೇನೆ ನಿನ್ನ ಒಟ್ಟಿಗೆ. ಅಲ್ಲಿಯವರೆಗೆ ಈ ಕಾಗದ ಆಸ್ಪತ್ರೆ ಚೀಲದಲ್ಲಿ ಇರ್ಲಿ.”

ಮುಂದಿನ ಎಂಟು ತಿಂಗಳು ಆ ಕಾಗದ ತನ್ನ ಕೆಲಸ ಮಾಡಿತು. ನೀಲಾಂಬಿಕಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮತ್ತೆ ಕೂರಲಿಲ್ಲ. ಕೊನೆಯ ಬೆಳಗ್ಗೆ ಪ್ರಫುಲ್ಲಾಳ ತಲೆ ಅವಳ ತೋಳಿನ ಮೇಲೇ ಇತ್ತು.

*

ಆಲ್ಟೋನಾದ ಕ್ರೆಮಟೋರಿಯಮ್ಮಿನಲ್ಲಿ ನಲವತ್ತು ಜನ ಬರಬಹುದೆಂದು ಅವಳು ಅಂದಾಜು ಮಾಡಿದ್ದಳು. ನೂರಕ್ಕೂ ಮೀರಿ ಬಂದರು. ಅದೇ ನೀಲಿ ಅಂಗಿಯ ಡ್ರೈವರುಗಳು ಹಿಂದಿನ ಗೋಡೆಗೆ ಸಾಲಾಗಿ ನಿಂತರು. ಕನ್ನಡ ಸಂಘದವರು ಹದಿನೈದು ಜನ, ನೀಲಾಂಬಿಕಾಳ ಶಾಲೆಯವರು ಒಂದಷ್ಟು ಮಂದಿ. ಉಳಿದವರು ಯಾರೆಂದು ಸೇಸಪ್ಪನಿಗೆ ತಿಳಿಯಲಿಲ್ಲ. “ಪ್ಯಾಸೆಂಜರ್‌ಗಳು,” ಎಂದು ನೀಲಾಂಬಿಕಾ ಹೇಳಿದಾಗ ಅವನು ಮತ್ತೊಮ್ಮೆ ಹಿಂದೆ ತಿರುಗಿ ನೋಡಿದ.

ಅವರಲ್ಲೊಬ್ಬಳು ಕಾರ್ಮೆನ್. ಎಂಬತ್ತು ದಾಟಿದ ಮಾಲ್ಟಾದ ಅಜ್ಜಿ. ಚಕ್ರದ ವಾಕರ್ ತಳ್ಳಿಕೊಂಡು ಮೈಕಿನ ಹತ್ತಿರ ಹೋಗಿ, ಅದನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡಳು.

“ಪ್ರತಿ ಮಂಗಳವಾರ, ಶುಕ್ರವಾರ ನಾನು ಇವಳ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸು ನಿಲ್ಲಿಸಿ, ಕೆಳಗಿಳಿದು ಬಂದು ನನ್ನ ಚೀಲ ಎತ್ತಿಕೊಡುತ್ತಿದ್ದಳು. ಹಿಂದಿದ್ದ ಕಾರಿನವರು ಹಾರ್ನ್ ಹೊಡೆದರೆ ಅವರಿಗೆ ಕೈಬೀಸುತ್ತಿದ್ದಳು. ಒಂದು ದಿನ ಕೇಳಿದೆ, ಮನೆಯಲ್ಲಿ ಯಾರಿದ್ದಾರೆ ಮಗಳೇ ಎಂದು. ‘ನನ್ನ ಮಿಸೆಸ್ ಇದ್ದಾಳೆ. ಗಣಿತ ಟೀಚರು. ರೊಟ್ಟಿ ಬಡಿದರೆ ಪಕ್ಕದ ಮನೆಯವರು ಏಳುತ್ತಾರೆ’ ಎಂದಳು.”

ಹಿಂದಿನ ಸಾಲುಗಳಲ್ಲಿ ನಗು ಹರಿಯಿತು. ನೀಲಾಂಬಿಕಾ ತುಟಿ ಕಚ್ಚಿದಳು.

“ನಾನು ಚರ್ಚಿಗೆ ಹೋಗುವವಳು. ಎರಡು ಸ್ಟಾಪು ಬರುವವರೆಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮುಂದಿನ ಶುಕ್ರವಾರ ನಮ್ಮೂರಿನ ಚೀಸ್ ಕಡುಬು ಮಾಡಿ ತಂದೆ. ಎರಡು ತಂದೆ, ಒಬ್ಬೊಬ್ಬರಿಗೆ ಒಂದು. ಆಮೇಲೆ ಯಾವತ್ತೂ ಎರಡೇ ತಂದೆ.” ಅಜ್ಜಿ ಸ್ವಲ್ಪ ಸುಧಾರಿಸಿಕೊಂಡಳು. “ಇವಳಿಗೆ ಒಬ್ಬ ಅಣ್ಣ. ಸಮುದ್ರದ ದಂಡೆಯಲ್ಲಿ ಸೈಕಲ್ ಕಲಿಸಿದನಂತೆ. ಹಿಡಿದಿದ್ದೇನೆ, ಹಿಡಿದಿದ್ದೇನೆ ಎಂದು ಹೇಳುತ್ತ ಹಿಂದಿನಿಂದ ಕೈ ಬಿಟ್ಟಿದ್ದನಂತೆ. ಇವಳು ಬೀಳಲಿಲ್ಲ. ‘ಇಷ್ಟು ದೊಡ್ಡ ಬಸ್ಸು ಓಡಿಸ್ತೇನಲ್ಲ, ಅದು ಅಣ್ಣನ ದೆಸೆಯಿಂದ’ ಎನ್ನುತ್ತಿದ್ದಳು. ಆ ಅಣ್ಣ ಇಲ್ಲಿದ್ದರೆ ಅವನಿಗೆ ಇದು ಗೊತ್ತಿರಲಿ ಎಂದು ಹೇಳಿದೆ.”

ಸೇಸಪ್ಪ ಮುಂದಿನ ಸಾಲಿನಲ್ಲಿ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡು ಕೂತಿದ್ದ. ತಂಗಿ ಬಸ್ಸು ಓಡಿಸುತ್ತಾಳೆಂದು ಹನ್ನೊಂದು ವರ್ಷ ಅವನು ಯಾರಿಗೂ ಹೇಳಿರಲಿಲ್ಲ. ‘ಟ್ರಾನ್ಸ್‌ಪೋರ್ಟಿನಲ್ಲಿದ್ದಾಳೆ’ ಎನ್ನುತ್ತಿದ್ದ. ಶ್ರದ್ಧಾ ಅಪ್ಪನ ಬೆನ್ನಿನ ಮೇಲೆ ಕೈಯಿಟ್ಟಳು.

ಮಾತುಗಳೆಲ್ಲ ಮುಗಿದ ಮೇಲೆ, ಪೆಟ್ಟಿಗೆ ಮುಚ್ಚುವ ಮೊದಲು, ಬಾಯಿಗೆ ನೀರು ಬಿಡುವ ಹೊತ್ತು ಬಂತು. ಜಯಾ ತಾಮ್ರದ ಚೊಂಬು, ತುಳಸಿ ದಳ ತಂದಿದ್ದಳು. ಹಿರಿಯವನು, ಒಡಹುಟ್ಟಿದವನು ಮೊದಲು ಬಿಡಬೇಕು. ಸೇಸಪ್ಪ ಚೊಂಬು ತೆಗೆದುಕೊಂಡು ಪೆಟ್ಟಿಗೆಯ ಬಳಿ ಹೋದ. ನೀಲಾಂಬಿಕಾ ಎರಡು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟಳು. ಹಿಂದೆ ಸರಿಯುವುದು ಅವಳಿಗೆ ರೂಢಿಯಾಗಿತ್ತು, ಎಷ್ಟು ಬೇಡವೆಂದರೂ.

ಸೇಸಪ್ಪ ಬಗ್ಗಿದವನು ಹಾಗೇ ನಿಂತ. ಆಮೇಲೆ ತಿರುಗಿದ.

“ನೀವು ಮೊದಲು ಬಿಡಿ.”

“ನೀವು ಅಣ್ಣ ಅಲ್ಲೇನ್ರೀ.”

“ನಾನು ಆಮೇಲೆ ಬಿಡ್ತೇನೆ.” ಚೊಂಬನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಬಗ್ಗಿಸಿದಾಗ ಕೆಳಗಿನಿಂದ ತನ್ನ ಕೈ ಆಸರೆ ಕೊಟ್ಟು ಹಿಡಿದ. ತುಳಸಿಯ ಎಲೆಯಿಂದ ನೀರು ಒಂದೊಂದೇ ಹನಿಯಾಗಿ ಪ್ರಫುಲ್ಲಾಳ ತುಟಿಯ ಮೇಲೆ ಇಳಿಯಿತು.

*

ಪಕ್ಕದ ಹಾಲಿನಲ್ಲಿ ಚಹಾ, ಸ್ಯಾಂಡ್‌ವಿಚ್ ಇಟ್ಟಿದ್ದರು. ನೀಲಾಂಬಿಕಾ ಬಂದವರ ಕೈಕುಲುಕುತ್ತ ಬಾಗಿಲ ಹತ್ತಿರ ನಿಂತಿದ್ದಾಗ, ಬೆನ್ನ ಹಿಂದೆ ದರ್ಶನ್ ಮಾತಾಡುತ್ತಿರುವುದು ಕೇಳಿಸಿತು. ದರ್ಶನ್ ಪಾಯಿಂಟ್ ಕುಕ್ಕಿನಲ್ಲಿ ಇವರಿಂದ ಎರಡು ಬೀದಿ ಆಚೆಗಿದ್ದ ಬೆಂಗಳೂರಿನವನು, ಐಟಿ ಕೆಲಸ. ಒಳ್ಳೆಯವನೇ. ಪ್ರಫುಲ್ಲಾ ಹಾಸಿಗೆ ಹಿಡಿದ ಮೇಲೆ ವಾರಕ್ಕೊಮ್ಮೆ ಬಂದು ಅಂಗಳದ ಹುಲ್ಲು ಕತ್ತರಿಸಿ ಹೋಗುತ್ತಿದ್ದ.

“ನೋಡಿ ಅಂಕಲ್, ನಾನಂತೂ ಓಪನ್ ಮೈಂಡೆಡ್,” ಎನ್ನುತ್ತಿದ್ದ ಅವನು ಸೇಸಪ್ಪನಿಗೆ. “ರಿಜಿಸ್ಟರ್ ಮಾಡಿಸ್ಕೊಳ್ಳಿ, ಎಲ್ಲಾ ರೈಟ್ಸೂ ತಗೊಳ್ಳಿ. ಯಾರು ಬೇಡ ಅಂದ್ರು? ಆದ್ರೆ ಮದ್ವೆ ಅನ್ನೋ ವರ್ಡೇ ಬೇಕು ಅಂತ ಯಾಕೆ ಹಠ? ಅದು ನಮ್ಮ ಕಲ್ಚರ್ದು, ರಿಲಿಜನ್ದು. ಎರಡೂ ಸೇಮ್ ಆದ್ಮೇಲೆ ಹೆಸರಲ್ಲಿ ಏನಿದೆ?”

“ಸೇಮ್ ಆದ್ರೆ ಎರಡು ಹೆಸರು ಯಾಕೆ, ಅಂಕಲ್?” ಎಂದಳು ಶ್ರದ್ಧಾ ಇಂಗ್ಲಿಷಿನಲ್ಲಿ.

ನೀಲಾಂಬಿಕಾ ತಿರುಗಲಿಲ್ಲ. ಇನ್ನೊಂದು ದಿನವಾಗಿದ್ದರೆ ಅವಳೇ ನುಗ್ಗಿ ವಾದಿಸುತ್ತಿದ್ದಳು. ಇಂದು ಮೈಯಲ್ಲಿ ಶಕ್ತಿಯಿರಲಿಲ್ಲ. ಸೇಸಪ್ಪ ಹೌದೆನ್ನುತ್ತಾನೆ, ಅದನ್ನೂ ಕೇಳಿಸಿಕೊಂಡು ಮುಗಿಸಬೇಕು ಎಂದುಕೊಂಡಳು.

ಸೇಸಪ್ಪ ಕಪ್ಪನ್ನು ಮೇಜಿನ ಮೇಲಿಟ್ಟ ಸದ್ದು ಬಂತು.

“ನಿನ್ನೆಯವರೆಗೆ ನಾನೂ ಹಾಗೇ ಹೇಳ್ತಿದ್ದೆ ದರ್ಶನ್. ಅಲ್ಲ, ಅಷ್ಟೂ ಹೇಳ್ತಿರಲಿಲ್ಲ. ಬೆಳಿಗ್ಗೆ ನಾನು ಅವರ ಹತ್ರ ಕೇಳಿದೆ, ಮದುವೆ ಆಗಿದ್ರಾ ಅಂತ. ಇಲ್ಲ ಅಂದ್ರು. ಅಲ್ಲಿ ನನ್ನ ತಂಗಿ ಮಲಗಿದ್ದಾಳೆ, ಇವರು ಅವಳ ಅಂಗಿಯ ಗುಂಡಿ ಹಾಕ್ತಾ ಇದ್ದಾರೆ. ನಾನು ಮತ್ತೆ ಕೇಳಿದೆ, ಹಾಗಾದ್ರೆ ಮದುವೆ ಅಲ್ಲ ಅಲ್ವಾ ಅಂತ. ಅಲ್ಲ ಅಂದ್ರು. ಅದನ್ನು ಅವರ ಬಾಯಲ್ಲಿ ಹೇಳಿಸಿದವನು ನಾನು. ಎರಡೂ ಒಂದೇ ಆಗಿದ್ರೆ ನಂಗೆ ಆ ಪ್ರಶ್ನೆ ಕೇಳ್ಲಿಕ್ಕೇ ಆಗ್ತಿರಲಿಲ್ಲ.”

ದರ್ಶನ್ ಚಹಾ ಕಲಕುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಅವನೇ, “ಅಂಕಲ್, ಸಾಯಂಕಾಲದ ಊಟ ನಮ್ಮನೆಯಿಂದ ಬರುತ್ತೆ. ನಿಹಾರಿಕಾ ಮಾಡ್ತಿದ್ದಾಳೆ,” ಎಂದ.

ನೀಲಾಂಬಿಕಾಳ ಎದುರು ಡ್ರೈವರೊಬ್ಬ ಕೈಚಾಚಿ ನಿಂತಿದ್ದ. ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

*

ಮನೆಗೆ ಬಂದಾಗ ಐದು ಗಂಟೆ. ಚಳಿಗಾಲದ ಬಿಸಿಲು ಬೇಲಿಯಂಚಿಗೆ ಸರಿದಿತ್ತು. ಸೇಸಪ್ಪ ಮೋಟೆಲ್ ಬುಕ್ ಮಾಡಿದ್ದ. ಜಯಾ ಅವನನ್ನು ಕೇಳದೆಯೇ ಬ್ಯಾಗುಗಳನ್ನು ಒಳಗಿನ ಕೋಣೆಯಲ್ಲಿ ಇಟ್ಟಳು.

ಸ್ನಾನ ಮುಗಿಸಿ ನೀಲಾಂಬಿಕಾ ಹೊರಗೆ ಬರುವಾಗ ಸೇಸಪ್ಪ ಹಜಾರದಲ್ಲಿ ನಿಂತು ಸಿಡ್ನಿಯ ಪುರೋಹಿತರಿಗೆ ಫೋನು ಮಾಡುತ್ತಿದ್ದ.

“ಹೌದು ಭಟ್ರೇ, ಹತ್ತು ದಿವಸ. ಹನ್ನೊಂದಕ್ಕೆ ಶುದ್ಧ. ಸೂತಕ ನಮಗೆ ಮೂರು ಜನಕ್ಕೆ. ಅಲ್ಲ, ನಾಲ್ಕು ಜನ.” ಆ ಕಡೆಯಿಂದ ಏನೋ ಕೇಳಿರಬೇಕು. ಸೇಸಪ್ಪ ಕಿಟಕಿಯ ಆಚೆ ನೋಡಿದ. ಶಬ್ದ ಹುಡುಕುತ್ತಿದ್ದ. ಪಾರ್ಟ್‌ನರ್ ಎಂದು ಬಾಯಿ ತೆರೆದು ಬಿಟ್ಟ. ಆಮೇಲೆ, ಊರಿನಲ್ಲಿ ಯಾವ ಹೆಂಗಸಾದರೂ ಗಂಡನ ಹೆಸರೆತ್ತದೆ ಹೇಳುವ ಆ ಹಳೆಯ ಮಾತನ್ನು ಹೇಳಿದ. “ಪ್ರಫುಲ್ಲನ ಮನೆಯವರು.” ಮತ್ತೆ ಕೇಳಿದರೇನೋ. “ಹೌದು, ಮನೆಯವರು. ಹೆಸರು ನೀಲಾಂಬಿಕಾ. ಬರ್ಕೊಳ್ಳಿ.”

ನೀಲಾಂಬಿಕಾ ಕೇಳದವಳಂತೆ ಅಡುಗೆಮನೆಗೆ ಹೋದಳು. ಬಂದವರಿಗೆ ಚಹಾ ಮಾಡಬೇಕೆಂದು ಒಲೆಯ ಗುಂಡಿಗೆ ಕೈಹಾಕಿದಳು. ಜಯಾ ಬಂದು ಆ ಕೈಯನ್ನು ಹಿಡಿದು ತೆಗೆದಳು.

“ಸೂತಕದವರು ಒಲೆ ಹಚ್ಚಬಾರದು ನೀಲಾ. ಕೂತ್ಕೊಳ್ಳಿ.”

“ನಮ್ಮ ಕಡೆ ಸೂತಕ ಅಂತ ಇಲ್ಲರೀ,” ಎಂದಳು ನೀಲಾಂಬಿಕಾ. “ನಾವು ಲಿಂಗಾಯತರು. ಹುಟ್ಟಿದ್ರೂ ಇಲ್ಲ, ಸತ್ರೂ ಇಲ್ಲ. ನಮ್ಮವ್ವ ಅದನ್ನ ಒಪ್ತಿದ್ದೇ ಇಲ್ಲ.”

“ನಮ್ಮಲ್ಲಿ ಉಂಟು,” ಎಂದಳು ಜಯಾ. ಅವಳ ಕೈ ಇನ್ನೂ ನೀಲಾಂಬಿಕಾಳ ಮಣಿಕಟ್ಟಿನ ಮೇಲೆ ಇತ್ತು. “ನೀವು ಹತ್ತು ದಿವಸ ನಮ್ಮ ಒಟ್ಟಿಗೆ ಹಿಡೀಬೇಕು.”

ತಾನು ನಂಬದ ಒಂದು ಕಟ್ಟಳೆ. ಅದಕ್ಕೆ ಎದುರಾಡುವುದಕ್ಕೆ ನೂರು ಮಾತು ಅವಳ ನಾಲಿಗೆಯ ತುದಿಯಲ್ಲಿದ್ದವು. ಒಂದನ್ನೂ ಆಡಲಿಲ್ಲ. ಸೆರಗಿಲ್ಲದ ಸ್ವೆಟರಿನ ತುದಿಯಿಂದ ಮುಖ ಮುಚ್ಚಿಕೊಂಡು, ಬೆಳಗಿನಿಂದ ಮೊದಲ ಬಾರಿಗೆ, ಸದ್ದು ಮಾಡಿ ಅತ್ತಳು. ಜಯಾ ತಡೆಯಲಿಲ್ಲ.

ದರ್ಶನ್‌ನ ಹೆಂಡತಿ ನಿಹಾರಿಕಾ ತಂದಿಟ್ಟುಹೋದ ಅನ್ನ, ತಿಳಿಸಾರು ಬಿಸಿಯಾಗಿತ್ತು. ಜಯಾ ನಾಲ್ಕು ತಟ್ಟೆ ಹಾಕಿ ಬಡಿಸಿದಳು. ಶ್ರದ್ಧಾ ನೀರಿನ ಲೋಟ ಇಟ್ಟು, ಕುರ್ಚಿ ಎಳೆದು, ನೀಲಾಂಬಿಕಾಳ ಬದಿಯಲ್ಲಿ ಕೂತಳು. ಎದುರಿಗೆ ಸೇಸಪ್ಪ ಕೂತ. ಬೆಳಗಿನಿಂದ ಅವನು ಒಂದು ಕಪ್ ಚಹಾ ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಅನ್ನ ಕಲಸಿದವನು ತುತ್ತು ಎತ್ತಲಿಲ್ಲ. ಅವನನ್ನು ನೋಡಿ ಜಯಾಳೂ ಎತ್ತಲಿಲ್ಲ, ಶ್ರದ್ಧಾಳೂ. ಮೂರು ಕೈಗಳು ಹಬೆಯಾಡುವ ತಟ್ಟೆಗಳ ಮೇಲೆ ಹಾಗೇ ನಿಂತಿದ್ದವು, ಮನೆಯವರು ಮೊದಲ ತುತ್ತು ಬಾಯಿಗಿಡುವುದನ್ನು ಕಾಯುತ್ತ.